ಜಪಾನಿ ಸೇನೆಯ ಕತ್ತಿ ಗುರುತಿಸುವುದು ಹೇಗೆ: ಉಡುಪು ಬೇರೆ, ಮೈ ಬೇರೆ

ಎರಡು ವರ್ಷದ ಹಿಂದೆ ಇಲ್ಲಿ ಅಮೆರಿಕದ ಒಹಾಯೊದಲ್ಲಿ ಒಬ್ಬ ಅಜ್ಜಿ ಮನೆ ಖಾಲಿ ಮಾಡುತ್ತಿದ್ದರು. ಹಳೆ ಸಾಮಾನು ಮಾರಾಟ ಇದೆ ಅಂತ ನಾನೂ ಹೋಗಿದ್ದೆ. ಎರಡನೇ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್‌ನಲ್ಲಿದ್ದ ಅವರ ಗಂಡ ತಂದ ಕತ್ತಿ ಮೇಜಿನ ಮೇಲಿತ್ತು. ಹಿಡಿಗೆ ಸುತ್ತಿದ ಪಟ್ಟಿ ಗಟ್ಟಿಯಾಗಿತ್ತು, ಒರೆಯ ಬಣ್ಣ ಹಾಗೇ ಇತ್ತು. ಕೇಳಿಕೊಂಡು ಹಿಡಿ ಬಿಚ್ಚಿದೆ. ಒಳಗಿನ ಕಬ್ಬಿಣದ ಬಾಲ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು. ಚೆನ್ನಾಗಿ ಕಾಣಲಿ ಅಂತ ಮೊಮ್ಮಗ ಹಿಂದಿನ ದಿನವೇ ತಂತಿ ಬ್ರಷ್ ಹಾಕಿ ಉಜ್ಜಿದ್ದನಂತೆ. ಪಾಪ, ಒಳ್ಳೆ ಮನಸ್ಸಿನಿಂದಲೇ ಮಾಡಿದ್ದ. ಆದರೆ ಎಂಬತ್ತು ವರ್ಷದ ತುಕ್ಕು ಒಂದೇ ಮಧ್ಯಾಹ್ನದಲ್ಲಿ ಹೋಗಿತ್ತು. ಕಮ್ಮಾರನ ಹೆಸರಿನ ಅರ್ಧ ಗೀರುಗಳೂ ಅದರ ಜೊತೆಗೇ ಹೋಗಿದ್ದವು.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಜಪಾನಿ ಕತ್ತಿಯಲ್ಲಿ ಹಿಡಿಯೊಳಗಿನ ತುಕ್ಕನ್ನು ಯಾವತ್ತೂ ತೆಗೆಯಬೇಡಿ. ಅಲಗು ಎಷ್ಟು ಹಳೆಯದು ಅಂತ ಹೇಳುವುದೇ ಆ ತುಕ್ಕು.

ಇಂಡಿಯಾದಲ್ಲಿ ಕೂತು ಇದನ್ನು ಓದುತ್ತಿದ್ದರೆ, ಕೆಳಗೆ ಕಾನೂನಿನ ಭಾಗ ಇದೆ. ಕಾಸು ಬಿಚ್ಚುವ ಮುಂಚೆ ಅದನ್ನು ಓದಿಬಿಡಿ.

ಸ್ವಲ್ಪ ಹಿನ್ನೆಲೆ

ಜಪಾನಿಯಲ್ಲಿ ಸೇನೆಯ ಕತ್ತಿಗೆ ಗುಂಟೊ ಅನ್ನುತ್ತಾರೆ. ಸಮುರಾಯಿಗಳ ಕಾಲ ಮುಗಿದ ಮೇಲೆ, 1876ರಲ್ಲಿ, ಸಾಮಾನ್ಯ ಜನ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಓಡಾಡುವಂತಿಲ್ಲ ಅಂತ ಸರ್ಕಾರ ಆದೇಶ ಹೊರಡಿಸಿತು. ಸೈನಿಕರಿಗೂ ಪೊಲೀಸರಿಗೂ ವಿನಾಯಿತಿ ಇತ್ತು. ಹೊಸ ಸೇನೆ ಆಗ ಯುರೋಪನ್ನು ನೋಡಿ ಕಲಿಯುತ್ತಿತ್ತು. ಕತ್ತಿಯೂ ಯುರೋಪಿನದೇ ಆಯಿತು: ಬೆರಳುಗಳನ್ನು ಕಾಯುವ ಲೋಹದ ಬಿಲ್ಲು ಇರುವ, ಒಂದೇ ಕೈಯಲ್ಲಿ ಹಿಡಿಯುವ ಸೇಬರ್. ಇದನ್ನು ಈಗ ಕ್ಯು-ಗುಂಟೊ, ಅಂದರೆ ಹಳೇ ಸೇನಾ ಕತ್ತಿ, ಅಂತ ಕರೆಯುತ್ತಾರೆ.

1930ರ ದಶಕದಲ್ಲಿ ಗಾಳಿ ಬದಲಾಯಿತು. 1931ರಲ್ಲಿ ಜಪಾನಿ ಸೇನೆ ಮಂಚೂರಿಯಾಕ್ಕೆ ನುಗ್ಗಿತು, ದೇಶದೊಳಗೆ ರಾಷ್ಟ್ರಾಭಿಮಾನದ ಅಬ್ಬರ ಜಾಸ್ತಿಯಾಯಿತು. ವಿದೇಶಿ ಸೇಬರ್ ಬೇಡ, ನಮ್ಮ ಹಳೇ ಯೋಧರ ಕತ್ತಿಯೇ ಬೇಕು ಅಂತ 1934ರಲ್ಲಿ ಹೊಸ ನಮೂನೆ ತಂದರು. ಅದು ಶಿನ್-ಗುಂಟೊ, ಹೊಸ ಸೇನಾ ಕತ್ತಿ. ಸಂಗ್ರಹಕಾರರ ಕೈಗೆ ಇವತ್ತು ಹೆಚ್ಚಾಗಿ ಬರುವುದು ಇದೇ.

ನಮೂನೆಗಳ ನಂಬರ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಜಪಾನಿನ ಹಳೇ ರಾಜವಂಶದ ಲೆಕ್ಕ ಕ್ರಿಸ್ತಪೂರ್ವ 660ರಿಂದ ಶುರುವಾಗುತ್ತದೆ. ಆ ಲೆಕ್ಕದಲ್ಲಿ 1934 ಅಂದರೆ 2594ನೇ ವರ್ಷ. ಅದರ ಕೊನೆಯ ಎರಡು ಅಂಕಿ ತೆಗೆದುಕೊಂಡರೆ ಟೈಪ್ 94. ಹಾಗೇ ಟೈಪ್ 95 ಅಂದರೆ 1935, ಟೈಪ್ 97 ಅಂದರೆ 1937, ಟೈಪ್ 98 ಅಂದರೆ 1938. ಟೈಪ್ 32 ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಚಕ್ರವರ್ತಿ ಮೇಜಿಯ 32ನೇ ವರ್ಷದ್ದು, ಅಂದರೆ 1899ರ ಕುದುರೆ ಸೈನಿಕರ ಕತ್ತಿ.

ಮೊದಲ ಹೆಜ್ಜೆ: ಕೈಗೆ ತೆಗೆದುಕೊಳ್ಳುವ ರೀತಿ

ಕತ್ತಿಯ ಚೂಪು ಬದಿ ಮೇಲೆ ಇರುವ ಹಾಗೆ ಒರೆಯನ್ನು ಹಿಡಿಯಿರಿ. ಸೇನೆಯ ಒರೆಗಳಲ್ಲಿ ಸಾಮಾನ್ಯವಾಗಿ ಒಂದು ಚಿಲಕ ಇರುತ್ತದೆ. ಹಿಡಿಯ ಹತ್ತಿರ ಇರುವ ಸಣ್ಣ ಗುಂಡಿ ಒತ್ತಿದರೆ ಬಿಡುತ್ತದೆ. ಆಮೇಲೆ ನಿಧಾನವಾಗಿ, ಅಲಗಿನ ಬೆನ್ನು ಒರೆಗೆ ತಾಗಿಕೊಂಡೇ ಜಾರುವ ಹಾಗೆ ಎಳೆಯಿರಿ. ಒರೆಯ ಬಾಯಿಯ ಸುತ್ತ ಬೆರಳು ಮಡಚಬೇಡಿ. ಒಳಗಿನ ಮರ ಹಳೆಯದಾಗಿ ಸೀಳಿದ್ದರೆ ಅಲಗು ಅಲ್ಲಿಂದ ಹೊರಗೆ ಬಂದು ಬೆರಳು ಕೊಯ್ಯುತ್ತದೆ.

ಅಲಗನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರು ತಾಗಿದ ಜಾಗದಲ್ಲಿ ಕೆಲವೇ ದಿನದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ನನ್ನದೊಂದು ಕತ್ತಿಯ ಮೇಲೆ ಸ್ನೇಹಿತನ ಹೆಬ್ಬೆರಳು ಶಾಶ್ವತವಾಗಿ ಉಳಿದುಕೊಂಡಿದೆ. ಅವನು ಮನೆಗೆ ಬಂದಾಗಲೆಲ್ಲ ತೋರಿಸುತ್ತೇನೆ.

ಎರಡನೇ ಹೆಜ್ಜೆ: ಉಡುಪು ನೋಡಿ

ಹಿಡಿ, ಒರೆ, ಕೈಕಾಪು (ಹಿಡಿಗೂ ಅಲಗಿಗೂ ನಡುವೆ ಕೈ ಕಾಯುವ ಲೋಹದ ಬಿಲ್ಲೆ), ಹಿಡಿಗೆ ಕಟ್ಟುವ ಕುಚ್ಚು ಇವೆಲ್ಲ ಸೇರಿ ಕತ್ತಿಯ ಉಡುಪು. ಒಳಗಿನ ಅಲಗು ಅದರ ಮೈ. ಹೊಸಬರು ಎಡವುವುದು ಇಲ್ಲೇ. 1938ರ ಉಡುಪಿನೊಳಗೆ 1943ರ ಕಾರ್ಖಾನೆ ಅಲಗು ಇರಬಹುದು. ಯಾವುದೋ ಅಧಿಕಾರಿಯ ತಾತನ ಕಾಲದ, ಮುನ್ನೂರು ವರ್ಷ ಹಳೆಯ ಅಲಗೂ ಇರಬಹುದು. ಎಷ್ಟೋ ಅಧಿಕಾರಿಗಳು ಮನೆಯ ಹಳೇ ಕತ್ತಿಗೆ ಸೇನೆಯ ಉಡುಪು ಹಾಕಿಸಿಕೊಂಡೇ ಯುದ್ಧಕ್ಕೆ ಹೋದರು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಉಡುಪು ನೋಡಿ ಮೈಯ ವಯಸ್ಸು ಹೇಳಬಾರದು.

ಸೇನಾಧಿಕಾರಿಗಳ ಟೈಪ್ 94 ಮತ್ತು 98: ಹಿಡಿಗೆ ತೊರಕೆ ಮೀನಿನ ಒರಟು ಚರ್ಮ, ಅದರ ಮೇಲೆ ಕಂದು ಪಟ್ಟಿಯ ಸುತ್ತು. ಸುತ್ತಿನ ಸಂದಿಯಲ್ಲಿ ವಜ್ರದ ಆಕಾರದ ಕಿಟಕಿಗಳು ಕಾಣುತ್ತವೆ. ಲೋಹದ ಭಾಗಗಳಲ್ಲೆಲ್ಲ ಐದು ದಳದ ಚೆರ್ರಿ ಹೂವು. ಪಟ್ಟಿಯ ಕೆಳಗೆ ಸಿಕ್ಕಿಸಿದ ಸಣ್ಣ ಅಲಂಕಾರದಲ್ಲೂ ಹೂವೇ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಒರೆಯ ಮೇಲಿದೆ. ಸೊಂಟಕ್ಕೆ ನೇತುಹಾಕುವ ಬಳೆ ಟೈಪ್ 94ರಲ್ಲಿ ಎರಡು, 98ರಲ್ಲಿ ಒಂದು. ಆದರೆ 94ರ ಎರಡನೇ ಬಳೆಯನ್ನು ಬಿಚ್ಚಿ ಇಡಬಹುದಿತ್ತು. ಹಾಗಾಗಿ ಒಂದೇ ಬಳೆ ಕಂಡ ಕೂಡಲೇ 98 ಅನ್ನಬೇಡಿ. ಒರೆಯ ಮೇಲೆ ಎರಡನೇ ಬಳೆ ಕೂರುತ್ತಿದ್ದ ಜಾಗದ ಗುರುತು ಇದೆಯಾ ನೋಡಿ.

ನಾನ್-ಕಮಿಷನ್ಡ್ ಅಧಿಕಾರಿಗಳ ಟೈಪ್ 95: ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಸಾರ್ಜೆಂಟ್ ದರ್ಜೆಯವರಿಗೆ ಸರ್ಕಾರವೇ ಕೊಟ್ಟ, ಯಂತ್ರದಲ್ಲಿ ಮಾಡಿದ ಕತ್ತಿ ಇದು. ದೂರದಿಂದ ಅಧಿಕಾರಿಗಳ ಕತ್ತಿಯ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ನಗು ಬರುತ್ತದೆ. ಹಿಡಿಯ ಸುತ್ತು ಸುತ್ತೇ ಅಲ್ಲ, ಲೋಹದ ಎರಕ! ಪಟ್ಟಿ, ತೊರಕೆ ಚರ್ಮ, ಎಲ್ಲವನ್ನೂ ಅಚ್ಚಿನಲ್ಲಿ ಎರೆದು ಮೇಲೆ ಬಣ್ಣ ಬಳಿದಿದ್ದಾರೆ. ಮೊದಮೊದಲು ತಾಮ್ರ, ಆಮೇಲೆ ಅಲ್ಯೂಮಿನಿಯಂ. ಯುದ್ಧದ ಕೊನೆಗೆ ಲೋಹಕ್ಕೇ ಬರ ಬಂದಾಗ ಅಡ್ಡಡ್ಡ ಗೀರು ಹಾಕಿದ ಬರೀ ಮರದ ಹಿಡಿ, ಕರಿ ಬಣ್ಣದ ಕೈಕಾಪು, ಮರದ ಒರೆ. ಜಪಾನ್ ಎಷ್ಟು ಬಡವಾಗುತ್ತಾ ಹೋಯಿತು ಅನ್ನುವುದು ಈ ಒಂದೇ ನಮೂನೆಯ ಹಿಡಿಗಳನ್ನು ಸಾಲಾಗಿ ಇಟ್ಟರೆ ಕಾಣುತ್ತದೆ.

ಟೈಪ್ 95ರ ಹಿಡಿಯನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಅದನ್ನು ಬಿಚ್ಚುವ ಅಗತ್ಯವಿಲ್ಲ. ಒಳಗೆ ಕಮ್ಮಾರನ ಹೆಸರೇನೂ ಇರುವುದಿಲ್ಲ. ಬದಲಿಗೆ ಅಲಗಿನ ಬುಡದ ಹತ್ತಿರ ಕ್ರಮಸಂಖ್ಯೆ ಹೊಡೆದಿರುತ್ತಾರೆ. ಅದೇ ಸಂಖ್ಯೆ ಒರೆಯ ಬಾಯಿಯ ಲೋಹದ ಮೇಲೂ ಇರಬೇಕು. ಎರಡೂ ಒಂದೇ ಆಗಿದ್ದರೆ ಬೆಲೆ ಜಾಸ್ತಿ. ಬೇರೆ ಬೇರೆ ಇದ್ದರೆ ಕತ್ತಿ ನಕಲಿ ಅಂತಲ್ಲ. ಶರಣಾಗತಿಯ ಹೊತ್ತಲ್ಲಿ ರಾಶಿ ಹಾಕಿದಾಗ ಒರೆ ಅದಲುಬದಲಾದದ್ದು ಸಾಮಾನ್ಯ.

ನೌಕಾಪಡೆಯ ಟೈಪ್ 97, ಅಂದರೆ ಕೈ-ಗುಂಟೊ: ಒರೆ ಕರಿ ಅರಗಿನದು ಅಥವಾ ಕರಿ ತೊರಕೆ ಚರ್ಮದ್ದು. ನೇತುಹಾಕುವ ಬಳೆ ಎರಡು. ಕೈಕಾಪು ನುಣುಪಾದ ಮೊಟ್ಟೆ ಆಕಾರ, ಅದರ ಪಕ್ಕದ ವಾಷರ್ ಮೇಲೆ ಸೂರ್ಯನ ಕಿರಣದ ಹಾಗೆ ಗೆರೆಗಳು. ಸಮುದ್ರದ ಉಪ್ಪುಗಾಳಿಗೆ ಹೆದರಿ ಎಷ್ಟೋ ಅಲಗುಗಳನ್ನು ತುಕ್ಕು ಹಿಡಿಯದ ಉಕ್ಕಿನಲ್ಲೇ ಮಾಡಿದರು. ಟೊಯೊಕಾವಾದ ನೌಕಾ ಕಾರ್ಖಾನೆಯ ಅಲಗಾದರೆ ಬಾಲದ ಮೇಲೆ ಲಂಗರಿನ ಮುದ್ರೆ ಸಿಗುತ್ತದೆ.

ಇನ್ನೊಂದಿದೆ, ಯುದ್ಧದ ನಡುವೆ ಬಂದ ಸರಳ ನಮೂನೆ. ಸಂಗ್ರಹಕಾರರು ಟೈಪ್ 3 ಅನ್ನುತ್ತಾರೆ. ಹೂವು ಗೀವು ಏನೂ ಇಲ್ಲ, ಗಾಢ ಬಣ್ಣದ ಬರೀ ಕಬ್ಬಿಣ, ಅರಗು ಹಚ್ಚಿದ ಗಟ್ಟಿ ಸುತ್ತು, ಹಿಡಿಗೆ ಒಂದರ ಬದಲು ಎರಡು ಬೆಣೆ. ನೋಡಲು ಸಾದಾ. ಆದರೆ ಹಿಡಿಯುವ ಕೈಗೆ ಇದೇ ಒಳ್ಳೆ ಕತ್ತಿ ಅಂತ ನನ್ನ ಅಭಿಪ್ರಾಯ.

ಕುಚ್ಚು ಉಳಿದಿದ್ದರೆ ಅದೃಷ್ಟ. ಸೇನೆಯಲ್ಲಿ ಕಂದು-ನೀಲಿ ಇದ್ದರೆ ಲೆಫ್ಟಿನೆಂಟ್, ಕ್ಯಾಪ್ಟನ್ ದರ್ಜೆ. ಕಂದು-ಕೆಂಪು ಇದ್ದರೆ ಮೇಜರ್‌ನಿಂದ ಕರ್ನಲ್‌ವರೆಗೆ. ಅದರಲ್ಲಿ ಚಿನ್ನದ ಎಳೆ ಇದ್ದರೆ ಜನರಲ್. ಚಿನ್ನದ ಎಳೆಯ ಕುಚ್ಚು ಕಂಡರೆ ಹಿಗ್ಗುವ ಮುಂಚೆ ಒಂದು ಮಾತು ನೆನಪಿರಲಿ: ಕುಚ್ಚು ಕಟ್ಟಿ ಬಿಚ್ಚುವ ಸಾಮಾನು. ಯಾರು ಬೇಕಾದರೂ ಯಾವ ಕತ್ತಿಗೆ ಬೇಕಾದರೂ ಕಟ್ಟಬಹುದು, ಅಲ್ವಾ.

ಮೂರನೇ ಹೆಜ್ಜೆ: ಹಿಡಿ ಬಿಚ್ಚುವುದು

ಇದು ಅಧಿಕಾರಿಗಳ ಕತ್ತಿಗೆ ಮಾತ್ರ. ಬೇರೆಯವರ ಕತ್ತಿಯಾದರೆ ಕೇಳದೆ ಮಾಡಬೇಡಿ.

ಹಿಡಿಯ ಮೇಲೆ, ಪಟ್ಟಿಯ ಸಂದಿಯಲ್ಲಿ, ಒಂದು ಸಣ್ಣ ಬೆಣೆಯ ತಲೆ ಕಾಣುತ್ತದೆ. ಇದು ಮೆಕುಗಿ, ಸಾಮಾನ್ಯವಾಗಿ ಬಿದಿರಿನದು. ಒಂದು ಬದಿ ದಪ್ಪ, ಇನ್ನೊಂದು ಬದಿ ಸಣ್ಣ. ಸಣ್ಣ ಬದಿಯಿಂದ ಒಂದು ಮರದ ಕಡ್ಡಿ ಇಟ್ಟು ಹಗುರವಾಗಿ ತಟ್ಟಿದರೆ ಹೊರಗೆ ಬರುತ್ತದೆ. ಮೊಳೆ ಇಟ್ಟು ಬಡಿಯಬೇಡಿ, ಬಿದಿರು ಸೀಳುತ್ತದೆ. ಬೆಣೆ ತೆಗೆದು ಡಬ್ಬಿಯಲ್ಲಿ ಹಾಕಿ. ಅದು ಸೋಫಾ ಕೆಳಗೆ ಉರುಳಿದರೆ ಆ ಭಾನುವಾರ ಹೋಯಿತು.

ಆಮೇಲೆ ಎಡಗೈಯಲ್ಲಿ ಹಿಡಿಯ ತುದಿಯನ್ನು ಗಟ್ಟಿಯಾಗಿ ಹಿಡಿದು, ಅಲಗು ಮೇಲಕ್ಕೆ, ಸ್ವಲ್ಪ ಓರೆಯಾಗಿ ನಿಲ್ಲಿಸಿ. ಬಲಗೈ ಮುಷ್ಟಿ ಕಟ್ಟಿ ಎಡಗೈಯ ಮಣಿಕಟ್ಟಿನ ಮೇಲೆ ಹಗುರವಾಗಿ ಗುದ್ದಿ. ಒಂದು, ಎರಡು, ಮೂರು. ಅಲಗು ಹಿಡಿಯೊಳಗೆ ಸಡಿಲವಾಗಿ ಕಟ್ ಅನ್ನುವುದು ಕೇಳುತ್ತದೆ. ಆಗ ಬಟ್ಟೆಯಿಂದ ಅಲಗನ್ನು ಹಿಡಿದು ನೇರವಾಗಿ ಎಳೆಯಿರಿ. ಗುದ್ದಿದರೂ ಬರಲಿಲ್ಲವೆಂದರೆ ಬಿಟ್ಟುಬಿಡಿ. ತುಕ್ಕು ಕಚ್ಚಿಕೊಂಡಿದೆ ಅಂತ ಅರ್ಥ. ಸುತ್ತಿಗೆ ತರಬೇಡಿ, ತಿಳಿದವರ ಹತ್ತಿರ ಒಯ್ಯಿರಿ.

ಹಿಡಿಯ ಜೊತೆಗೆ ಕೈಕಾಪು ಮತ್ತು ತೆಳ್ಳನೆಯ ವಾಷರ್‌ಗಳ ಒಂದು ಅಟ್ಟಿ ಬರುತ್ತದೆ. ಅವು ಯಾವ ಕ್ರಮದಲ್ಲಿದ್ದವು ಅಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಒಂದನ್ನು ಉಲ್ಟಾ ಹಾಕಿದರೂ ಹಿಡಿ ಅಲುಗಾಡುತ್ತದೆ. ಆ ವಾಷರ್‌ಗಳ ಮೇಲೆ, ಕೈಕಾಪಿನ ಮೇಲೆ ಸಣ್ಣ ಅಂಕಿ ಹೊಡೆದಿದ್ದಾರಾ ನೋಡಿ. ಕಾರ್ಖಾನೆಯಲ್ಲಿ ಒಂದು ಕತ್ತಿಗೆ ಜೋಡಿಸಿದ ಭಾಗಗಳಿಗೆಲ್ಲ ಒಂದೇ ಅಂಕಿ ಕೊಡುತ್ತಿದ್ದರು. ಎಲ್ಲಾ ಹೊಂದಿದರೆ ಆ ಉಡುಪು ಬಿಚ್ಚಿ ಬದಲಾಗಿಲ್ಲ ಅಂತ ಲೆಕ್ಕ.

ನಾಲ್ಕನೇ ಹೆಜ್ಜೆ: ಬಾಲ ಓದುವುದು

ನಮ್ಮೂರಿನ ಮಚ್ಚಿಗೂ ಹಿಡಿಯೊಳಗೆ ಕೂರುವ ಒಂದು ಬಾಲ ಇರುತ್ತದೆ. ಜಪಾನಿ ಕತ್ತಿಯಲ್ಲಿ ಅದರ ಹೆಸರು ನಕಾಗೊ. ಇಡೀ ಕೆಲಸದಲ್ಲಿ ಇದಕ್ಕೇ ಜಾಸ್ತಿ ಹೊತ್ತು ಕೊಡಿ. ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ ಕೂತು, ಭೂತಕನ್ನಡಿ ಇಟ್ಟುಕೊಂಡು ನೋಡಿ.

ಮೊದಲು ತುಕ್ಕಿನ ಬಣ್ಣ. ಯುದ್ಧಕಾಲದ ಬಾಲ ಬೂದು ಅಥವಾ ತೆಳು ಕಂದು ಇರುತ್ತದೆ, ಅರದ ಗೀರುಗಳು ಚೂಪಾಗಿ ಕಾಣುತ್ತವೆ. ನೂರಾರು ವರ್ಷದ ಬಾಲ ಗಾಢ ಕಂದು, ಹೆಚ್ಚುಕಡಿಮೆ ಕಪ್ಪು, ನುಣುಪು. ನಮ್ಮಜ್ಜಿ ಮನೆಯ ದೋಸೆ ಕಾವಲಿಯ ಬಣ್ಣ ನೆನಪು ಮಾಡಿಕೊಳ್ಳಿ, ಅದೇ. ಕಿತ್ತಳೆ ಬಣ್ಣದ, ಬೆರಳಿಗೆ ಪುಡಿಪುಡಿಯಾಗಿ ಅಂಟುವ ತುಕ್ಕು ಇದ್ದರೆ ಹುಷಾರು. ಒಂದೋ ಕತ್ತಿ ನೀರಿನಲ್ಲಿ ಬಿದ್ದಿತ್ತು, ಇಲ್ಲವೋ ಮೊನ್ನೆ ಮೊನ್ನೆ ಆಸಿಡ್ ಹಾಕಿ ಬರಿಸಿದ ತುಕ್ಕು.

ಬೆಣೆಯ ತೂತು ಎಷ್ಟಿವೆ ಎಣಿಸಿ. ಒಂದೇ ತೂತಿದ್ದು ಬಾಲ ಬೂದಾಗಿದ್ದರೆ ಹೆಚ್ಚಾಗಿ ಯುದ್ಧಕಾಲದ್ದು. ಎರಡು ಮೂರು ತೂತು, ಒಂದು ಅರ್ಧ ಕತ್ತರಿಸಿ ಹೋದ ಹಾಗೆ ಇದ್ದರೆ, ಅದು ಹಳೇ ಉದ್ದ ಕತ್ತಿಯನ್ನು ಮೊಟಕು ಮಾಡಿದ್ದಿರಬಹುದು. ಟೈಪ್ 3ಕ್ಕೆ ಮೊದಲಿಂದಲೇ ಎರಡು ತೂತು ಅನ್ನುವುದು ಮರೆಯಬೇಡಿ.

ಇನ್ನು ಬರಹ. ಒಂದು ಬದಿ ಕಮ್ಮಾರನ ಹೆಸರು, ಇನ್ನೊಂದು ಬದಿ ತಾರೀಖು ಇರಬಹುದು. ಜಪಾನಿ ಬಾರದವರೂ ತಾರೀಖಿನ ಅಂಕಿ ಓದುವುದು ಅರ್ಧ ಗಂಟೆಯಲ್ಲಿ ಕಲಿಯಬಹುದು. ಒಂದು ಅಡ್ಡಗೆರೆ ಅಂದರೆ ಒಂದು. ಎರಡು ಅಡ್ಡಗೆರೆ ಎರಡು, ಮೂರು ಅಡ್ಡಗೆರೆ ಮೂರು. ಕೂಡಿಸುವ ಗುರುತಿನ ಹಾಗೆ ಇದ್ದರೆ ಹತ್ತು. ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿದ, ಮೇಲೆ ಕೂಡದ ಎರಡು ಗೆರೆ ಎಂಟು. ಯುದ್ಧಕಾಲದ ತಾರೀಖು ಶೋವಾ, ಅಂದರೆ ಆಗಿನ ಚಕ್ರವರ್ತಿಯ ಆಳ್ವಿಕೆಯ ಹೆಸರು, ಅನ್ನುವ ಎರಡು ಅಕ್ಷರದಿಂದ ಶುರುವಾಗುತ್ತದೆ. ಅದರ ಕೆಳಗೆ ವರ್ಷದ ಅಂಕಿ. ಅದಕ್ಕೆ 1925 ಕೂಡಿಸಿದರೆ ನಮ್ಮ ಇಸವಿ. ಕೂಡಿಸುವ ಗುರುತು, ಕೆಳಗೆ ಮಾಡಿನ ಗುರುತು ಕಂಡರೆ ಹದಿನೆಂಟು. 18ಕ್ಕೆ 1925 ಸೇರಿದರೆ 1943. ನನ್ನ ಮಗಳು ಹತ್ತನೇ ವಯಸ್ಸಿನಲ್ಲಿ ನನಗಿಂತ ಬೇಗ ಓದುತ್ತಿದ್ದಳು.

ಒಂದು ಜಾತಿಯ ಕತ್ತಿಯಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ದಕ್ಷಿಣ ಮಂಚೂರಿಯಾ ರೈಲ್ವೆ ಕಂಪನಿ ತನ್ನ ಕಾರ್ಖಾನೆಯಲ್ಲಿ ಅಲಗು ಮಾಡಿಸುತ್ತಿತ್ತು. ಅವನ್ನು ಮಾಂಟೆಟ್ಸು ಕತ್ತಿ ಅನ್ನುತ್ತಾರೆ. ಅವುಗಳ ಮೇಲೆ ಅಂಕಿಯ ಬದಲು ಅರವತ್ತು ವರ್ಷದ ಚಕ್ರದ ಹೆಸರಿರುತ್ತದೆ, ಜೊತೆಗೆ ವಸಂತ ಅಂತ ಬರೆದಿರುತ್ತಾರೆ. ಬೇರೆಯವರಿಗೆ ಇದು ತಲೆನೋವು. ಪ್ರಭವ, ವಿಭವ ಅಂತ ಬಾಯಿಪಾಠ ಮಾಡಿದ ನಮಗೆ ಹೊಸದೇನಲ್ಲ. ನಮ್ಮದು ಹೆಸರು ಬೇರೆ, ಲೆಕ್ಕ ಅದೇ ಅರವತ್ತು. ಅವರ ಪಟ್ಟಿಯಲ್ಲಿ ಕನೊಟೊ-ಮಿ ಅಂದರೆ ಹಾವಿನ ವರ್ಷ, 1941. ನಮ್ಮ ಪಂಚಾಂಗದಲ್ಲಿ ಅದು ವೃಷ ಸಂವತ್ಸರ.

ಹೆಸರು ಓದಿದ ಕೂಡಲೇ ನಂಬಬೇಡಿ. ಪ್ರಸಿದ್ಧ ಕಮ್ಮಾರರ ಹೆಸರನ್ನು ಬೇರೆಯವರು ಕೊರೆದುಕೊಳ್ಳುವುದು ಜಪಾನಿನಲ್ಲಿ ಶತಮಾನಗಳಿಂದ ನಡೆದ ಕೆಲಸ. ಹೆಸರು, ತುಕ್ಕು, ಅರದ ಗೀರು, ಅಲಗಿನ ಆಕಾರ, ನಾಲ್ಕೂ ಒಂದೇ ಮಾತು ಹೇಳಬೇಕು. ಸುಳಿವಿಗಾಗಿ ಇಷ್ಟು ಗೊತ್ತಿರಲಿ: ಕಾನೆ ಅಂತ ಶುರುವಾಗುವ ಹೆಸರು ಕಂಡರೆ ಗಿಫು ಪ್ರಾಂತ್ಯದ ಸೆಕಿ ಊರಿನ ಕಡೆ ನೋಡಿ. ಯುದ್ಧಕಾಲದ ಅಲಗುಗಳ ದೊಡ್ಡ ತವರು ಅದು. ಯಾಸು ಅಂತ ಶುರುವಾದರೆ ಯಾಸುಕುನಿ ಕತ್ತಿ ಇರಬಹುದಾ ಅಂತ ಯೋಚಿಸಿ. ಟೋಕಿಯೊದ ಯಾಸುಕುನಿ ದೇಗುಲದ ಆವರಣದ ಕುಲುಮೆಯಲ್ಲಿ 1933ರಿಂದ 1945ರವರೆಗೆ ಸುಮಾರು 8,100 ಕತ್ತಿಗಳನ್ನು ಹಳೇ ಪದ್ಧತಿಯಲ್ಲೇ ಬಡಿದರು. ಇವಕ್ಕೆ ಬೆಲೆ ಜಾಸ್ತಿ. ಅದಕ್ಕೇ ನಕಲಿ ಹೆಸರೂ ಜಾಸ್ತಿ.

ಹೆಸರಿನ ಮೇಲೋ ಪಕ್ಕದಲ್ಲೋ ಸಣ್ಣ ಮುದ್ರೆ ಇದ್ದರೆ ಅದು ಹೆಸರಿಗಿಂತ ಹೆಚ್ಚು ಹೇಳುತ್ತದೆ. ಐದು ಮೂಲೆಯ ನಕ್ಷತ್ರ ಇದ್ದರೆ, ಸೇನೆ ಮಾನ್ಯ ಮಾಡಿದ ಕಮ್ಮಾರ ಸಾಂಪ್ರದಾಯಿಕ ಉಕ್ಕಿನಿಂದ ಮಾಡಿದ್ದು ಅಂತ. ಒಳ್ಳೆ ಸುದ್ದಿ. ಸೆಕಿಯ ಅಥವಾ ಶೋವಾದ ಅಕ್ಷರ ಇರುವ ಮುದ್ರೆಯಾದರೆ ಸಾಮಾನ್ಯವಾಗಿ ಅದು ಶೋವಾ-ಟೊ. ಅಂದರೆ ಹಳೇ ಪದ್ಧತಿ ಬಿಟ್ಟು ಬೇಗ ಬೇಗ ಮಾಡಿದ ಅಲಗು. ಇದು ನಕಲಿಯಲ್ಲ, ಅಪ್ಪಟ ಯುದ್ಧಕಾಲದ್ದೇ. ಕಲೆಯ ವಸ್ತು ಅಲ್ಲ, ಇತಿಹಾಸದ ವಸ್ತು, ಅಷ್ಟೇ.

ಐದನೇ ಹೆಜ್ಜೆ: ಅಲಗು

ಮೊನೆಯಿಂದ ಅಲಗಿನ ಬುಡದಲ್ಲಿ ಬೆನ್ನ ಮೇಲೆ ಇರುವ ಸಣ್ಣ ಕಚ್ಚಿನವರೆಗೆ ನೇರ ಗೆರೆಯಲ್ಲಿ ಅಳೆಯಿರಿ. ಬಾಗಿದ ಹಾಗೆ ಟೇಪ್ ಬಗ್ಗಿಸಬೇಡಿ. ಸೇನಾ ಕತ್ತಿಗಳು ಹೆಚ್ಚಾಗಿ 60ರಿಂದ 68 ಸೆಂಟಿಮೀಟರ್ ಒಳಗೆ ಬರುತ್ತವೆ. ಜಪಾನಿ ಅಳತೆಯ ಒಂದು ಶಾಕು ಅಂದರೆ 30.3 ಸೆಂಟಿಮೀಟರ್. ಎರಡು ಶಾಕು ದಾಟಿದರೆ ಉದ್ದ ಕತ್ತಿ.

ಚೂಪಿನ ಉದ್ದಕ್ಕೂ ಅಲೆಅಲೆಯಾದ ಬಿಳಿ ಪಟ್ಟೆ ಕಾಣುತ್ತದೆ. ಅದು ಹಾಮೊನ್, ಹದದ ಗೆರೆ. ಹಳೇ ಪದ್ಧತಿಯಲ್ಲಿ ಅಲಗಿಗೆ ಜೇಡಿಮಣ್ಣು ಬಳಿದು, ಕಾಯಿಸಿ, ನೀರಿಗೆ ಅದ್ದುತ್ತಿದ್ದರು. ಮಣ್ಣು ತೆಳ್ಳಗಿದ್ದ ಚೂಪು ಬದಿ ಬೇಗ ತಣ್ಣಗಾಗಿ ಗಡುಸಾಗುತ್ತಿತ್ತು, ಬೆನ್ನು ಮೆತ್ತಗೆ ಉಳಿಯುತ್ತಿತ್ತು. ಆ ಗಡಿಯೇ ಈ ಗೆರೆ. ದೀಪವನ್ನು ಒಂದು ಕಡೆ ಇಟ್ಟು ಅಲಗನ್ನು ಓರೆ ಮಾಡಿ ನೋಡಿದರೆ, ನೀರಿನಲ್ಲಿ ಹದ ಹಾಕಿದ ಅಲಗಿನ ಗಡಿಯಲ್ಲಿ ಮಂಜಿನ ಹಾಗೆ ಹೊಳೆಯುವ ಸಣ್ಣ ಕಣಗಳು ಕಾಣುತ್ತವೆ. ಶೋವಾ-ಟೊಗಳನ್ನು ಹೆಚ್ಚಾಗಿ ಎಣ್ಣೆಯಲ್ಲಿ ಅದ್ದುತ್ತಿದ್ದರು. ನೀರಿನಲ್ಲಿ ಬಿರುಕು ಬಿಡುವ ಭಯ ಎಣ್ಣೆಯಲ್ಲಿ ಕಡಿಮೆ. ಅದರ ಗೆರೆ ಮಂಕು, ಮಂಜು ಕಾಣುವುದಿಲ್ಲ. ಇನ್ನು ಆಸಿಡ್‌ನಲ್ಲೋ ತಂತಿ ಬ್ರಷ್‌ನಲ್ಲೋ ಬರೆದ ಸುಳ್ಳು ಗೆರೆ ಮೇಲ್ಮೈಗೆ ಅಂಟಿಸಿದ ಹಾಗಿರುತ್ತದೆ. ಅಲಗು ಹೇಗೆ ತಿರುಗಿಸಿದರೂ ಒಂದೇ ಥರ ಕಾಣುತ್ತದೆ. ಒಂದು ಅಸಲಿ, ಒಂದು ಸುಳ್ಳು ಗೆರೆ ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿ. ಆಮೇಲೆ ಕಣ್ಣಿಗೆ ಬೇರೆ ಪಾಠ ಬೇಡ.

ನಕಲಿ

ನನ್ನ ಮೊದಲ ಕತ್ತಿ ನಕಲಿ. ಆನ್‌ಲೈನ್‌ನಲ್ಲಿ ಕೊಂಡದ್ದು. ಸೈನಿಕರ ಮನೆಯಿಂದ ಬಂದದ್ದು ಅಂತ ಮಾರಿದವರು ಒಂದು ಕಥೆಯನ್ನೂ ಬರೆದು ಕಳಿಸಿದ್ದರು. ಡಬ್ಬಿ ಬಿಚ್ಚಿದಾಗ ಹೊಸ ಪೇಂಟಿನ ವಾಸನೆ ಬಂತು. ಆಗಲೂ ನಾನು ನಂಬಿದ್ದೆ!

ಈಗ ನೋಡುವುದು ಇವನ್ನು. ಚೆರ್ರಿ ಹೂವಿನ ದಳಗಳ ಅಂಚು ಹರಿತವಾಗಿರಬೇಕು. ನಕಲಿಯಲ್ಲಿ ಕರಗಿದ ಬೆಲ್ಲದ ಹಾಗೆ ಮೊಂಡಾಗಿರುತ್ತದೆ. ಹಿಡಿಯ ಸುತ್ತು ಬಿಗಿಯಾಗಿರಬೇಕು, ಬೆರಳಿಗೆ ಜರುಗಬಾರದು. ಪಟ್ಟಿ ಹಾದುಹೋಗುವ ಕಡೆ ವಜ್ರದ ಕಿಟಕಿಗಳು ಒಂದೇ ಅಳತೆ ಇರಬೇಕು. ಟೈಪ್ 95ರ ನಕಲಿಗಳಲ್ಲಿ ಅಲಗಿನ ಮೇಲಿನ ಉದ್ದ ತೋಡು ಅಂಕುಡೊಂಕು, ಸಂಖ್ಯೆಯ ಅಂಕಿಗಳು ಒಂದೊಂದು ಒಂದೊಂದು ಗಾತ್ರ. ಒರೆಯಲ್ಲಿ ಚಿಲಕ ಇರುತ್ತದೆ, ಆದರೆ ಕಚ್ಚುವುದಿಲ್ಲ. ಅಲಗಿನ ಮೇಲೆ ಡ್ರ್ಯಾಗನ್ ಕೆತ್ತನೆ, ದೊಡ್ಡ ದೊಡ್ಡ ಅಕ್ಷರದ ಘೋಷಣೆ, ಹಿತ್ತಾಳೆಯಲ್ಲಿ ಮಿರಮಿರ ಮಿಂಚುವ ಕೈಕಾಪು ಕಂಡರೆ ಕೈ ಮುಗಿದು ಹೊರಟುಬಿಡಿ. ಮಾರುವವರು ಹಿಡಿ ಬಿಚ್ಚಿ ತೋರಿಸಲು ಒಪ್ಪದಿದ್ದರೂ ಅಷ್ಟೇ. ಕಥೆಗೆ ದುಡ್ಡು ಕೊಡಬೇಡಿ. ಅಜ್ಜ ತಂದದ್ದು ಅನ್ನುವವರು ಕಾಗದ ತೋರಿಸಲಿ. ಅಮೆರಿಕದ ಸೈನಿಕರಿಗೆ ಇಂಥ ವಸ್ತು ಮನೆಗೆ ಒಯ್ಯಲು ಮೇಲಧಿಕಾರಿ ಸಹಿ ಹಾಕಿದ ಚೀಟಿ ಕೊಡುತ್ತಿದ್ದರು. ಆ ಚೀಟಿ ಜೊತೆಗಿದ್ದರೆ ಕತ್ತಿಯ ತೂಕವೇ ಬೇರೆ.

ಆರೈಕೆ

ಸಂಕ್ಷೇಪವಾಗಿ ಹೇಳಿದರೆ, ಕಡಿಮೆ ಮಾಡಿ. ಮೆತ್ತನೆ ಹತ್ತಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಅಲಗಿನ ಹಳೇ ಎಣ್ಣೆ ಒರೆಸಿ. ಬೆನ್ನಿನ ಕಡೆಯಿಂದ ಹಿಡಿದು, ಬುಡದಿಂದ ಮೊನೆಯ ಕಡೆ ಒಂದೇ ದಿಕ್ಕಿನಲ್ಲಿ. ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸವರಿ. ಕೊಬ್ಬರಿ ಎಣ್ಣೆ ಬೇಡ, ಗಟ್ಟಿಯಾಗಿ ಕೂರುತ್ತದೆ. ಹಿತ್ತಾಳೆ ಪಾತ್ರೆ ಬೆಳಗುವ ಪೇಸ್ಟು, ಮರಳು ಕಾಗದ, ಬೀದಿಯ ಸಾಣೆಯವನು, ಇವೆಲ್ಲ ದೂರವಿರಲಿ. ಬಾಲಕ್ಕೆ ಎಣ್ಣೆಯೂ ಬೇಡ. ಕತ್ತಿಯನ್ನು ಅಡ್ಡವಾಗಿ, ಚೂಪು ಮೇಲಾಗಿ ಇಡಿ. ಚರ್ಮದ ಹೊದಿಕೆ ಇರುವ ಒರೆಯಾದರೆ ತೇವದ ಕೋಣೆಯಲ್ಲಿ ಇಡಬೇಡಿ. ಮಳೆಗಾಲದ ಮಲೆನಾಡಿನಲ್ಲಿ ಚಪ್ಪಲಿಗೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಜಪಾನಿ ಪಾಲಿಶ್ ಮಾಡಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ತರಬೇತಿ ಪಡೆದ ಪಾಲಿಶ್‌ಗಾರರು ಇಂಚಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಶೋವಾ-ಟೊಗೆ ಅದು ದಂಡ. ಹಳೇ ಅಲಗು, ಅಥವಾ ನಕ್ಷತ್ರದ ಮುದ್ರೆ ಇದ್ದರೆ ಯೋಚಿಸಬಹುದು.

ಕಾನೂನು, ಮತ್ತು ನಮ್ಮ ಕಡೆಯ ಕತ್ತಿಗಳು

ಜಪಾನಿನಲ್ಲಿ 1958ರ ಬಂದೂಕು-ಕತ್ತಿ ಕಾಯ್ದೆಯ ಪ್ರಕಾರ ಸಾಂಪ್ರದಾಯಿಕವಾಗಿ ಮಾಡಿದ ಕತ್ತಿಗೆ ಮಾತ್ರ ನೋಂದಣಿ ಸಿಗುತ್ತದೆ. ಟೈಪ್ 95, ಶೋವಾ-ಟೊ ಇವಕ್ಕೆ ಸಿಗುವುದಿಲ್ಲ. ಯಾರದೋ ಹೆಸರು ಹುಡುಕಿಕೊಂಡು, ವಾಪಸ್ ಕೊಡೋಣ ಅಂತ ಒಳ್ಳೆ ಮನಸ್ಸಿನಿಂದ ಕತ್ತಿ ಹಿಡಿದು ಟೋಕಿಯೊಗೆ ಹೋದರೆ ವಿಮಾನ ನಿಲ್ದಾಣದಲ್ಲೇ ಕಳೆದುಕೊಳ್ಳುತ್ತೀರಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ: 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗಿದ ಕತ್ತಿಗಳ ಮಾರಾಟ, ಆಮದಿಗೆ 2008ರಿಂದ ನಿರ್ಬಂಧ ಇದೆ. 1954ಕ್ಕಿಂತ ಮುಂಚೆ ಮಾಡಿದ್ದಕ್ಕೆ ವಿನಾಯಿತಿ ಇದೆ. ಆದ್ದರಿಂದ ವಯಸ್ಸಿನ ಸಾಕ್ಷಿ ಇಟ್ಟುಕೊಳ್ಳಿ.

ಇಂಡಿಯಾದಲ್ಲಿ 1959ರ ಆಯುಧ ಕಾಯ್ದೆ ಬರುತ್ತದೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು, ಅಡುಗೆಗೋ ಹೊಲಕ್ಕೋ ಮಾಡಿದ್ದಲ್ಲ ಅಂದರೆ, ಆಯುಧದ ಪಟ್ಟಿಗೆ ಸೇರುತ್ತದೆ. ಜಾಗದಿಂದ ಜಾಗಕ್ಕೆ ನಿಯಮ ಬೇರೆ. ಹಾಗಾಗಿ ಕೊಳ್ಳುವ ಮುಂಚೆ, ಅಥವಾ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಕೂಡಲೇ, ಜಿಲ್ಲಾಧಿಕಾರಿ ಕಚೇರಿಯಲ್ಲೋ ಪೊಲೀಸ್ ಠಾಣೆಯಲ್ಲೋ ಬರಹದಲ್ಲಿ ಕೇಳಿ. ಪೆಟ್ಟಿಗೆ ಬಿಚ್ಚಿಕೊಂಡು ಠಾಣೆಗೆ ಹೊತ್ತುಕೊಂಡು ಹೋಗಬೇಡಿ, ಮೊದಲು ಕಾಗದ ಒಯ್ಯಿರಿ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್‌ನ ಒಪ್ಪಿಗೆ ಮೊದಲು. ಅಲಗು ನೂರು ವರ್ಷಕ್ಕಿಂತ ಹಳೆಯದು ಅಂತಾದರೆ 1972ರ ಪುರಾವಸ್ತು ಕಾಯ್ದೆಯೂ ಸೇರಿಕೊಳ್ಳುತ್ತದೆ. ಆಮೇಲೆ ಅದನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ.

ಪೆಟ್ಟಿಗೆಯಲ್ಲಿ ಸಿಗುವುದು ಅಂತ ಸುಮ್ನೆ ಹೇಳಲಿಲ್ಲ. 1944ರಲ್ಲಿ ಇಂಫಾಲ, ಕೊಹಿಮಾ, ಆಮೇಲೆ ಬರ್ಮಾದಲ್ಲಿ ಜಪಾನೀಯರ ಎದುರು ನಿಂತ ಸೇನೆಯಲ್ಲಿ ಇಂಡಿಯಾದವರೇ ಜಾಸ್ತಿ. ಕೊಡಗಿನ ತಿಮ್ಮಯ್ಯ ಅರಾಕಾನ್‌ನಲ್ಲಿ ಕಾದಿದರು, ಯುದ್ಧ ಮುಗಿದ ಮೇಲೆ ಜಪಾನಿಗೇ ಹೋದ ಇಂಡಿಯನ್ ಬ್ರಿಗೇಡನ್ನು ನಡೆಸಿದರು. ಆಗ್ನೇಯ ಏಷ್ಯಾದ ಜಪಾನಿ ಸೇನಾಪತಿ ತೆರಾವುಚಿ 1945ರ ನವೆಂಬರ್ 30ರಂದು ಸೈಗಾನ್‌ನಲ್ಲಿ ಮೌಂಟ್‌ಬ್ಯಾಟನ್‌ಗೆ ತನ್ನ ಕತ್ತಿ ಒಪ್ಪಿಸಿದ. ಅವನ ಕೆಳಗಿದ್ದ ಸಾವಿರಾರು ಅಧಿಕಾರಿಗಳೂ ಸಾಲಾಗಿ ನಿಂತು ಒಪ್ಪಿಸಿದರು. ಅವುಗಳಲ್ಲಿ ಕೆಲವು ಸೇನೆಯ ಮೆಸ್‌ಗಳ ಗೋಡೆಗೆ ಬಂದವು, ಕೆಲವು ಮನೆಗಳಿಗೆ.

ಅಂಡಮಾನ್‌ನಲ್ಲಿ 1942ರಿಂದ 1945ರವರೆಗೆ ಇದೇ ಸೇನೆ ನಮ್ಮ ಜನರ ಮೇಲೆ ಏನೇನು ನಡೆಸಿತು ಅನ್ನುವುದನ್ನೂ ಓದಿ. ನನ್ನ ಕತ್ತಿಗಳನ್ನು ನಾನು ಹಾಲ್‌ನಲ್ಲಿ ನೇತುಹಾಕುವುದಿಲ್ಲ. ಬೀರುವಿನಲ್ಲಿ ಇಟ್ಟಿದ್ದೇನೆ.

ಕೊನೆಯ ಹೆಜ್ಜೆ: ಬರೆದಿಡಿ

ಒಂದು ನೋಟ್‌ಬುಕ್ ಮಾಡಿ. ಯಾರಿಂದ, ಯಾವತ್ತು, ಎಷ್ಟಕ್ಕೆ, ಅವರು ಹೇಳಿದ ಮಾತು ಅವರದೇ ಶಬ್ದದಲ್ಲಿ. ಬಾಲದ ಎರಡೂ ಬದಿಯ ಫೋಟೊ, ಮೊನೆ ಮೇಲಾಗಿ ನಿಲ್ಲಿಸಿ ತೆಗೆದದ್ದು. ಓದಿ ಕೊಡುವವರಿಗೆ ಅಕ್ಷರ ಹಾಗೇ ನೆಟ್ಟಗೆ ಕಾಣಬೇಕು. ಅಕ್ಷರ ಎದ್ದು ಕಾಣಲಿ ಅಂತ ಸುಣ್ಣ, ಟಾಲ್ಕಂ ಪುಡಿ ಹಚ್ಚಬೇಡಿ. ಬದಿಯಿಂದ ಟಾರ್ಚ್ ಹಿಡಿದರೆ ಸಾಕು.

ಹಿಡಿಗೆ ಮರದ ಚೂರೋ, ಬಟ್ಟೆಯ ತುಂಡೋ ಕಟ್ಟಿದ್ದರೆ ಕಿತ್ತು ಎಸೆಯಬೇಡಿ. ಶರಣಾಗುವಾಗ ಕೆಲವರು ತಮ್ಮ ಹೆಸರು, ಊರು ಶಾಯಿಯಲ್ಲಿ ಬರೆದು ಕಟ್ಟುತ್ತಿದ್ದರು, ಮುಂದೆ ಯಾವತ್ತಾದರೂ ವಾಪಸ್ ಸಿಗಬಹುದು ಅಂತ. ಆ ಅಜ್ಜಿಯ ಕತ್ತಿಗೆ ಅಂಥದ್ದೊಂದು ಇತ್ತಂತೆ. ಬಾಲ ಉಜ್ಜುವ ಮುಂಚೆ ಮೊಮ್ಮಗ ಅದನ್ನು ಕತ್ತರಿಸಿ, ಪುಣ್ಯಕ್ಕೆ, ಅಡುಗೆಮನೆಯ ಡ್ರಾಯರ್‌ಗೆ ಹಾಕಿದ್ದ. ಬೆರಳುದ್ದದ ಮರದ ಚಕ್ಕೆ, ಆರು ಅಕ್ಷರ. ಕತ್ತಿ ಕೊಂಡಾಗ ಅದನ್ನೂ ಕೇಳಿ ತಂದೆ. ಈಗ ಕತ್ತಿಯ ಜೊತೆಗೇ ಒಂದು ಲಕೋಟೆಯಲ್ಲಿದೆ.